ಬಿಕ್ಕಲಂ: ಜ್ಞಾನಮಿತ್ರ

ರವಿಚಂದ್ರ ಮೇಷ್ಟ್ರು ಮಿತ್ರಪ್ಪನವರನ್ನು ಮೊದಲು ಕಂಡದ್ದು ಎರಡು ಸಾವಿರದ ಹದಿನಾರರ ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ತಿ. ನರಸೀಪುರದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು. ಅಲ್ಲಿ ಒಂದೇ ಟಾರ್ಪಾಲಿನ ಕೆಳಗೆ ಮೂವರು ಪತ್ರ ಬರಹಗಾರರ ಮೇಜುಗಳಿದ್ದವು. ಮೊದಲನೆಯ ಮೇಜಿನ ಸುತ್ತ ಜನ ಮುತ್ತಿಕೊಂಡಿದ್ದರು. ಎರಡನೆಯವರು ಕುಳಿತಲ್ಲೇ ತೂಕಡಿಸುತ್ತಿದ್ದರು. ಮೂರನೆಯ ಮೇಜಿನಲ್ಲಿ ತೆಳ್ಳನೆಯ, ಅರವತ್ತರ ಅಂಚಿನ ಒಬ್ಬರು ತುಂಬುತೋಳಿನ ಬಿಳಿ ಅಂಗಿ ತೊಟ್ಟು, ಎದುರಿಗೆ ಕುಳಿತ ಗಂಡ ಹೆಂಡತಿಗೆ ಕ್ರಯಪತ್ರವೊಂದನ್ನು ಓದಿ ಹೇಳುತ್ತಿದ್ದರು. ಮಗ್ಗಿ ಒಪ್ಪಿಸುವವರಂತೆ ಓಡಿಸದೆ, ಒಂದೊಂದು ಸಾಲಿಗೂ ನಿಂತು, "ಗೊತ್ತಾಯ್ತಾ?" ಎಂದು ಕೇಳಿ ಮುಂದಕ್ಕೆ ಹೋಗುತ್ತಿದ್ದರು. ಮೇಷ್ಟ್ರು ಎರಡು ಸಲ ಕೆಮ್ಮಿದರೂ ತಲೆ ಎತ್ತಲಿಲ್ಲ.

ರವಿಚಂದ್ರನಿಗೆ ಆಗ ಮೂವತ್ತೊಂದು. ತಗಡೂರಿನವನು, ಮನೆಯಲ್ಲಿ ಡಿಗ್ರಿ ಕಂಡ ಮೊದಲಿಗ, ನಂಜನಗೂಡು ರಸ್ತೆಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವನ ತಾಯಿಯ ತವರಿನ ಹದಿನೆಂಟು ಗುಂಟೆ ಜಮೀನಿಗೆ ತಾಯಿಯ ಅಕ್ಕ, ಅಂದರೆ ತಲಕಾಡಿನಲ್ಲಿದ್ದ ಅವನ ದೊಡ್ಡಮ್ಮ, ಹಕ್ಕು ಬಿಟ್ಟುಕೊಡುವ ಪತ್ರ ಬರೆಸಬೇಕಿತ್ತು.

"ದೊಡ್ಡಮ್ಮನಿಗೆ ಓದು ಬರಲ್ಲ ಸಾರ್," ಎಂದ ರವಿಚಂದ್ರ ಸರದಿ ಬಂದಾಗ. "ಕೊನೇಲಿ 'ಓದಿಸಿ ಕೇಳಿ ಒಪ್ಪಿದ್ದೇನೆ' ಅಂತ ಹಾಕ್ಬಿಡಿ. ಹೆಬ್ಬೆಟ್ಟು ಒತ್ತೋ ದಿನ ಆಟೋದಲ್ಲಿ ಕರ್ಕೊಂಡು ಬರ್ತೀನಿ."

"ಓದು ಬರಲ್ಲ. ಕಿವಿ?"

"ಕಿವೀನೂ ಸ್ವಲ್ಪ ಮಂದ."

"ಹಂಗಾದ್ರೆ ಜೋರಾಗಿ ಓದ್ಬೇಕು," ಎಂದು ಅವರು ಕಾಗದ ಎಳೆದುಕೊಂಡರು. "ಕರ್ಕೊಂಡು ಬನ್ನಿ. ಕೇಳಿಸಿಕೊಂಡ ಮೇಲೆ ಆ ಸಾಲು ಬರೀತೀನಿ. ಕೇಳದೇ ಇರೋಳು ಕೇಳಿದ್ದೀನಿ ಅಂತ ನಾನು ಹೆಂಗೆ ಬರೀಲಿ?"

ಒಂದು ದಿನದ ರಜೆ ದಂಡವಾಯಿತೆಂದು ರವಿಚಂದ್ರ ಮನಸ್ಸಿನಲ್ಲೇ ಬೈದುಕೊಂಡ. ಗುರುವಾರ ದೊಡ್ಡಮ್ಮನನ್ನು ಕರೆತಂದ. ಮಿತ್ರಪ್ಪನವರು ಎದ್ದು ಬಂದು ಅವಳ ಬಲಗಿವಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಬೀದಿಗೆಲ್ಲ ಕೇಳುವ ಹಾಗೆ ಓದಿದರು. ಚಕ್ಕುಬಂದಿಯ ನಾಲ್ಕು ದಿಕ್ಕು ಮುಗಿಯಿತು. ಮುದುಕಿ ಕೈ ಎತ್ತಿದಳು.

"ನನ್ ಉಣ್ಸೆ ಮರ ಎಲ್ಲೈತೆ ಇದ್ರಲ್ಲಿ?"

"ಯಾವ ಮರ ದೊಡ್ಡಮ್ಮ? ಜಮೀನೇ ಬಿಟ್ಕೊಡ್ತಿದ್ದೀಯಲ್ಲ," ಎಂದ ರವಿಚಂದ್ರ.

"ಜಮೀನು ಬುಟ್ಟೆ ಕಣ್ಲಾ, ಮರ ಯಾವಾಗ ಬುಟ್ಟೆ? ನಾನ್ ನೆಟ್ಟಿದ್ದು. ಉಸ್ರಿರೋ ಗಂಟ ಅದ್ರ ಅಣ್ಣು ನಂದು."

ಮಿತ್ರಪ್ಪನವರು ಮೇಷ್ಟ್ರ ಕಡೆ ನೋಡಿದರು. ಅಂಚಿನಲ್ಲಿ ಒಂದು ಸಾಲು ಸೇರಿಸಿ, ಸೇರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿದರು. ಪತ್ರದ ಕೊನೆಗೆ ಸಾಕ್ಷಿಗಳ ರುಜು, ಅದರ ಕೆಳಗೆ 'ಬಿಕ್ಕಲಂ: ಎಸ್. ಜ್ಞಾನಮಿತ್ರ' ಎಂದು ಬಿತ್ತು. ಬಿಕ್ಕಲಂ ಅಂದರೆ ಈ ಪತ್ರವನ್ನು ಕೈಯಾರೆ ಬರೆದವನು ಎಂದರ್ಥ, ಹಳೆಯ ದಫ್ತರದ ಮಾತು. ಈಗಿನ ಬರಹಗಾರರು ಬಹಳಷ್ಟು ಜನ ಅದನ್ನು ಬಿಟ್ಟಿದ್ದಾರೆ.

"ಜ್ಞಾನಮಿತ್ರ... ಜೈನರಾ ಸಾರ್?"

"ಅಲ್ಲ, ಕ್ರೈಸ್ತರು. ನಮ್ಮ ತಾತನ ಕಾಲದಿಂದ. ಊರೋರ ಬಾಯಲ್ಲಿ ಜ್ಞಾನ ಉದುರಿಹೋಗಿ ಬರೀ ಮಿತ್ರಪ್ಪ ಉಳಿದವನೆ."

ಹೀಗೆ ಶುರುವಾದ ಪರಿಚಯ ಗೆಳೆತನವಾಯಿತು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ರವಿಚಂದ್ರ ನರಸೀಪುರಕ್ಕೆ ಬಂದರೆ ಇಬ್ಬರೂ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತ ವಾದಕ್ಕೆ ಕೂರುತ್ತಿದ್ದರು. ರವಿಚಂದ್ರನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಆ ಮಾತನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ. ಗೆಳೆಯರ ಜೊತೆ ಸೇರಿ ಒಂದು ವಿಜ್ಞಾನ ಬಳಗ ಕಟ್ಟಿ, ಮೂರು ತಿಂಗಳಿಗೊಮ್ಮೆ ಎಂಟು ಪುಟದ ಪತ್ರಿಕೆ ತರುತ್ತಿದ್ದ.

"ಏಳು ದಿನದಲ್ಲಿ ಭೂಮಿನೆಲ್ಲ ರಿಜಿಸ್ಟ್ರಿ ಮಾಡ್ಬಿಟ್ನಾ ನಿಮ್ ದೇವ್ರು?" ಎಂದು ಕೆಣಕುತ್ತಿದ್ದ.

"ಆರೇ ದಿನ ಮೇಷ್ಟ್ರೇ. ಏಳನೇದು ಸರ್ಕಾರಿ ರಜಾ."

"ಅಂದ್ರೆ ಅದನ್ನೆಲ್ಲ ನಂಬ್ತೀರಾ?"

"ಬೈಬಲ್ಲು ಪಹಣಿ ಅಲ್ಲ, ಸರ್ವೆ ನಂಬರ್ ಹುಡುಕೋಕೆ. ಆದ್ರೆ ಪಹಣಿ ಅಲ್ಲ ಅಂತ ಹರಿದು ಬಿಸಾಕೋ ಕಾಗದಾನೂ ಅಲ್ಲ."

ಇನ್ನೊಂದು ಶನಿವಾರ, ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದನ್ನು ರವಿಚಂದ್ರ ಎಲ್ಲಿಂದಲೋ ಓದಿಕೊಂಡು, ಪಟ್ಟಿ ಮಾಡಿಕೊಂಡು ಬಂದಿದ್ದ. ಮಿತ್ರಪ್ಪನವರು ಪಟ್ಟಿಯನ್ನು ಪೂರ್ತಿ ನೋಡಿ, ಇನ್ನೂ ಎರಡು ಕಡೆ ವ್ಯತ್ಯಾಸ ಇರುವುದನ್ನು ತಾವೇ ಸೇರಿಸಿದರು. ಆಮೇಲೆ ಹೇಳಿದರು: "ನಾಲ್ಕು ಸಾಕ್ಷಿ ಒಂದೇ ಥರ ಹೇಳಿದ್ರೆ, ಯಾರೋ ಹೇಳ್ಕೊಟ್ಟು ಕರ್ಕೊಂಡು ಬಂದವ್ರೆ ಅಂತ ಅರ್ಥ. ನಲವತ್ತು ವರ್ಷ ಕಚೇರಿ ಮುಂದೆ ಕೂತು ಇಷ್ಟಾದ್ರೂ ಕಲಿತಿದ್ದೀನಿ. ಯೇಸು ಎದ್ದುಹೋಗಿ ಸಮಾಧಿ ಖಾಲಿಯಾಗಿದ್ದನ್ನ ನಾನು ನೋಡಿಲ್ಲ ಮೇಷ್ಟ್ರೇ. ನೋಡ್ದೆ ಅಂದೋರನ್ನ ನಂಬಿದ್ದೀನಿ, ಅಷ್ಟೇ."

ಇಷ್ಟು ಬುದ್ಧಿ ಇರುವ ಮನುಷ್ಯ ಇನ್ನೊಂದು ಹೆಜ್ಜೆ ಇಟ್ಟರೆ ತನ್ನ ಕಡೆಗೇ ಬಂದುಬಿಡುತ್ತಾರೆ ಎಂದು ರವಿಚಂದ್ರನಿಗೆ ಅನಿಸುತ್ತಿತ್ತು. ವರ್ಷಗಳು ಹೋದವು. ಆ ಹೆಜ್ಜೆ ಬೀಳಲಿಲ್ಲ.

ಮಿತ್ರಪ್ಪನವರದು ಹಳೆಯ ಮಿಷನ್ ಚರ್ಚು. ಹದಿನೈದು ಮನೆಗಳ ಸಭೆ. ಮೈಸೂರಿನಿಂದ ಸಭಾಪಾಲಕರು ತಿಂಗಳಿಗೆ ಎರಡು ಭಾನುವಾರ ಬಂದು ಆರಾಧನೆ ನಡೆಸಿ, ಯಾರದಾದರೂ ಮನೆಯಲ್ಲಿ ಊಟ ಮಾಡಿ, ನಾಲ್ಕು ಗಂಟೆಯ ಬಸ್ಸು ಹಿಡಿಯುತ್ತಿದ್ದರು. ಹೆಂಡತಿ ಸುಗುಣಮ್ಮನೂ ಅಲ್ಲಿಯವರೇ. ಆದರೆ ಒಬ್ಬಳೇ ಮಗಳು ಶಾಲಿನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೆನ್ನುಮೂಳೆಯ ಕ್ಷಯ ಬಂದು ಮಂಚ ಹಿಡಿದಾಗ, ಸುಗುಣಮ್ಮ ನಂಜನಗೂಡಿನ ಹೊರಗಡೆ ಇದ್ದ ಒಂದು ಪ್ರಾರ್ಥನಾ ಮನೆಗೆ ಹೋಗತೊಡಗಿದರು. ಶೀಟು ಹೊದಿಸಿದ ಉದ್ದನೆಯ ಹಾಲು, ಡ್ರಮ್ಮು, ಕೀಬೋರ್ಡು, ಕಣ್ಣೀರು, ಕೈ ಎತ್ತಿ ಕೂಗುವ ಇನ್ನೂರು ಜನ.

ಅದರ ಪಾಸ್ಟರ್ ನಿಂಗರಾಜು ಒಂದು ಕಾಲಕ್ಕೆ ಲಾರಿ ಡ್ರೈವರು. ಕುಡಿತದಿಂದ ಹಾಳಾಗಿ, ಅಲ್ಲಿಂದ ಎದ್ದು ಬಂದವನು. ಸುತ್ತಮುತ್ತಲಿನ ಮೂವತ್ತು ನಲವತ್ತು ಗಂಡಸರ ಕುಡಿತ ಬಿಡಿಸಿದ್ದ. ಶಾಲಿನಿ ಮಲಗಿದ್ದ ಹದಿನಾಲ್ಕು ತಿಂಗಳೂ ಶುಕ್ರವಾರ ತಪ್ಪದೆ ಬಸ್ಸಿನಲ್ಲಿ ಬಂದು, ಗಾರೆ ನೆಲದ ಮೇಲೆ ಮಂಡಿಯೂರಿ, ಅತ್ತು ಪ್ರಾರ್ಥಿಸಿ ಹೋಗುತ್ತಿದ್ದ. ಕಾಫಿಯನ್ನು ಕೂಡ ಮುಟ್ಟುತ್ತಿರಲಿಲ್ಲ. ಮಿಷನ್ ಚರ್ಚಿನ ಸಭಾಪಾಲಕರು ಆ ಅವಧಿಯಲ್ಲಿ ಬಂದದ್ದು ಎರಡು ಸಲ. ಇದನ್ನು ಮಿತ್ರಪ್ಪನವರು ಯಾರ ಮುಂದೆಯೂ ಮುಚ್ಚಿಡಲಿಲ್ಲ.

ಹದಿನಾಲ್ಕು ತಿಂಗಳೂ ಮೈಸೂರಿನ ಆಸ್ಪತ್ರೆಯವರು ಬರೆದುಕೊಟ್ಟ ಮಾತ್ರೆ ನಡೆಯಿತು. ಬೆಳಿಗ್ಗೆ ಏಳಕ್ಕೆ ಮಿತ್ರಪ್ಪನವರೇ ಮಾತ್ರೆ ಬಿಡಿಸಿ ಮಗಳ ಅಂಗೈಗೆ ಹಾಕಿ, ಅವಳು ನುಂಗಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗೀಟು ಎಳೆಯುತ್ತಿದ್ದರು. ಶಾಲಿನಿ ಎದ್ದಳು. ಮೊದಲು ಗೋಡೆ ಹಿಡಿದು, ಆಮೇಲೆ ಬರಿಗೈಯಲ್ಲಿ. ಕಂಪ್ಯೂಟರ್ ಕಲಿತು, ಅಪ್ಪನ ಮೇಜಿನ ಪಕ್ಕದಲ್ಲೇ ಒಂದು ಸಣ್ಣ ಮಳಿಗೆ ಹಿಡಿದು, ಪತ್ರಗಳನ್ನು ಟೈಪು ಮಾಡಲು ಕುಳಿತಳು.

ಪಾಸ್ಟರನ ತಮ್ಮ ಪ್ರಸಾದ್ ನಂಜನಗೂಡಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದ. ಅಣ್ಣನ ಜೊತೆ ಕೆಲವು ಶುಕ್ರವಾರ ಅವನೂ ಬಂದಿದ್ದ. ಶಾಲಿನಿಯೂ ಅವನೂ ಒಬ್ಬರನ್ನೊಬ್ಬರು ಮೆಚ್ಚಿದರು. ಮಂಚ ಹಿಡಿದು ಎದ್ದ ಹುಡುಗಿಗೆ ಗಂಡು ಸಿಗುವುದೇ ಕಷ್ಟ ಎಂದು ಒಳಗೊಳಗೇ ಹೆದರಿದ್ದ ಸುಗುಣಮ್ಮನಿಗೆ ಇದು ಆಕಾಶದಿಂದ ಇಳಿದ ಸಂಬಂಧವಾಗಿ ಕಂಡಿತು. ಪಾಸ್ಟರನೂ ಒಪ್ಪಿದ. ಒಂದೇ ಒಂದು ಕೋರಿಕೆ ಇಟ್ಟ: ಪ್ರಾರ್ಥನಾ ಮನೆಯ ವಾರ್ಷಿಕೋತ್ಸವದ ದಿನ ಮಿತ್ರಪ್ಪನವರು ಮಗಳು ಗುಣವಾದ ಬಗ್ಗೆ ಸಾಕ್ಷಿ ಕೊಡಬೇಕು. ಬರೆದುಕೊಟ್ಟರೆ ತಾನೇ ಓದುತ್ತೇನೆ, ಆಮೇಲೆ ಅಚ್ಚು ಹಾಕಿಸುತ್ತೇನೆ. ನಿಶ್ಚಿತಾರ್ಥ ಅದೇ ದಿನ, ಅದೇ ಹಾಲಿನಲ್ಲಿ.

"ಅವರಿಗೆ ಸಾಕ್ಷಿ ಅಂದ್ರೆ ಹಾಡು ಇದ್ದ ಹಾಗೆ. ನನಗೆ ಸಾಕ್ಷಿ ಅಂದ್ರೆ ಸಾಕ್ಷಿ," ಎಂದರು ಮಿತ್ರಪ್ಪನವರು ಆ ಶನಿವಾರ. ಲೋಟದ ಟೀ ಆರಿಹೋಗಿತ್ತು.

"ಬರೀಬೇಡಿ," ಎಂದ ರವಿಚಂದ್ರ. "ಬರೆದ್ರೆ ಪೂರ್ತಿ ಬರೀರಿ. ಮಾತ್ರೆಯಿಂದ ವಾಸಿಯಾಯ್ತು, ಪ್ರಾರ್ಥನೆಯಿಂದ ಏನೂ ಆಗಲಿಲ್ಲ ಅಂತ."

"ಏನೂ ಆಗಲಿಲ್ಲ ಅನ್ನೋದನ್ನ ನೀವು ನೋಡಿದ್ರಾ?"

ಮಿಷನ್ ಚರ್ಚಿನ ಸಭಾಪಾಲಕರನ್ನು ಕೇಳಿದ್ದಕ್ಕೆ ಅವರು ನಕ್ಕು, "ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ ಮಿತ್ರಪ್ಪನವರೇ? ಹೆಣ್ಣು ಹೆತ್ತೋರು ನೀವು. ಅವರಿಗೆ ಬೇಕಾದ ಹಾಗೆ ನಾಲ್ಕು ಸಾಲು ಬರೆದುಕೊಡಿ. ದೇವರು ಅರ್ಥಮಾಡ್ಕೋತಾನೆ," ಎಂದಿದ್ದರಂತೆ. ಒಳ್ಳೆಯ ಮನುಷ್ಯ, ಯಾರನ್ನೂ ನೋಯಿಸಿದವರಲ್ಲ. ಆ ಮಾತು ಮಿತ್ರಪ್ಪನವರಿಗೆ ಪಾಸ್ಟರನ ಕೋರಿಕೆಗಿಂತ, ರವಿಚಂದ್ರನ ಸಲಹೆಗಿಂತ ಹೆಚ್ಚು ಚುಚ್ಚಿದಂತೆ ಕಂಡಿತು.

ಮೂರು ದಿನ ಬಿಟ್ಟು ಒಂದು ಹಾಳೆ ಬರೆದರು. ರವಿಚಂದ್ರ ಕೇಳಿದ್ದಕ್ಕೆ ಅವನಿಗೂ ಒಂದು ಜೆರಾಕ್ಸ್ ಕೊಟ್ಟರು. ಅದರಲ್ಲಿ ಇದ್ದದ್ದು ಇಷ್ಟು:

"ನನ್ನ ಮಗಳು ಶಾಲಿನಿಗೆ ಬೆನ್ನುಮೂಳೆಯ ಕ್ಷಯ ಇತ್ತು. ವೈದ್ಯರು ಹದಿನಾಲ್ಕು ತಿಂಗಳ ಔಷಧಿ ಕೊಟ್ಟರು. ಪ್ರತಿ ಬೆಳಿಗ್ಗೆ ನನ್ನ ಕೈಯಾರೆ ಮಾತ್ರೆ ಕೊಟ್ಟಿದ್ದೇನೆ. ಪ್ರತಿ ಶುಕ್ರವಾರ ಪಾಸ್ಟರ್ ನಿಂಗರಾಜು ಅವರು ನಮ್ಮ ಮನೆಗೆ ಬಂದು ಮಂಡಿಯೂರಿ ಪ್ರಾರ್ಥಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನೂ ಪ್ರಾರ್ಥಿಸಿದೆ. ಕೇಳುವವನು ಇದ್ದಾನೆಂದು ನಂಬಿ ಪ್ರಾರ್ಥಿಸಿದೆ, ಈಗಲೂ ನಂಬಿದ್ದೇನೆ. ಮಗಳು ಗುಣವಾದಳು. ಯಾವುದರಿಂದ ಎಷ್ಟು ಗುಣವಾಯಿತೆಂಬುದು ನನ್ನ ಕಣ್ಣಿಗೆ ಬಿದ್ದಿಲ್ಲ."

ಕೆಳಗೆ, ಕೈಯ ಅಭ್ಯಾಸಕ್ಕೋ ಬೇಕೆಂದೋ, 'ಬಿಕ್ಕಲಂ: ಎಸ್. ಜ್ಞಾನಮಿತ್ರ' ಎಂದಿತ್ತು.

ವಾರ್ಷಿಕೋತ್ಸವದ ದಿನ ಹಾಲು ತುಂಬಿ, ಹೊರಗೆ ಶಾಮಿಯಾನದಲ್ಲೂ ಜನ. ನಿಶ್ಚಿತಾರ್ಥಕ್ಕೆಂದು ಕರೆದಿದ್ದರಿಂದ ರವಿಚಂದ್ರನೂ ಹೋಗಿ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ. ಮುಂದಿನ ಸಾಲಿನಲ್ಲಿ ಶಾಲಿನಿ ನೀಲಿ ರೇಷ್ಮೆ ಸೀರೆಯಲ್ಲಿದ್ದಳು. ಹಾಡು ನಿಂತಿತು. ಪಾಸ್ಟರ್ ಮೈಕು ಹಿಡಿದು ಹಾಳೆ ಬಿಡಿಸಿದ.

"ನನ್ನ ಮಗಳು ಶಾಲಿನಿಗೆ ಬೆನ್ನುಮೂಳೆಯ ಕ್ಷಯ ಇತ್ತು!"

"ಸ್ತೋತ್ರ!" ಎಂದಿತು ಹಾಲು.

"ಪ್ರತಿ ಶುಕ್ರವಾರ ಪಾಸ್ಟರ್ ಅವರು ಮಂಡಿಯೂರಿ ಪ್ರಾರ್ಥಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ!"

"ಸ್ತೋತ್ರ! ಸ್ತೋತ್ರ!"

"ನಾನೂ ಪ್ರಾರ್ಥಿಸಿದೆ! ಕೇಳುವವನು ಇದ್ದಾನೆಂದು ನಂಬಿ ಪ್ರಾರ್ಥಿಸಿದೆ, ಈಗಲೂ ನಂಬಿದ್ದೇನೆ! ಮಗಳು ಗುಣವಾದಳು!"

ಡ್ರಮ್ಮು ಹೊಡೆಯಿತು. ಜನ ಎದ್ದು ನಿಂತರು. ಆ ಗದ್ದಲದಲ್ಲಿ ಮಿತ್ರಪ್ಪನವರು ಎದ್ದದ್ದು ಯಾರಿಗೂ ಬೇರೆಯಾಗಿ ಕಾಣಲಿಲ್ಲ. ಎಲ್ಲರೂ ಕುಳಿತ ಮೇಲೆ ಅವರೊಬ್ಬರು ನಿಂತೇ ಇದ್ದರು.

"ನಡುವೆ ಎರಡು ಸಾಲು, ಕೊನೇಲಿ ಒಂದು ಸಾಲು ಬಿಟ್ಟೋಗಿದೆ ಪಾಸ್ಟರೇ."

"ಟೈಮ್ ಆಯ್ತು ಅಂಕಲ್," ಎಂದ ನಿಂಗರಾಜು ಮೈಕು ಪಕ್ಕಕ್ಕೆ ಹಿಡಿದು. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. "ದೇವರಿಗೆ ಎಲ್ಲಾ ಗೊತ್ತು."

"ದೇವರಿಗೆ ಗೊತ್ತು. ಇವರಿಗೆ ಗೊತ್ತಿಲ್ಲವಲ್ಲ."

ಸುಗುಣಮ್ಮ ಗಂಡನ ಅಂಗಿಯ ಅಂಚು ಹಿಡಿದು ಎಳೆದರು. "ಕೂತ್ಕೊಳ್ರೀ. ನಿಮ್ಮ ದಮ್ಮಯ್ಯ, ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಕಚೇರಿಯ ಮುಂದೆ ಓದುವ ದನಿಯಲ್ಲೇ, ಬಿಟ್ಟುಹೋದ ಸಾಲುಗಳನ್ನು ಬಾಯಲ್ಲಿ ಹೇಳಿದರು. ವೈದ್ಯರು ಹದಿನಾಲ್ಕು ತಿಂಗಳ ಔಷಧಿ ಕೊಟ್ಟರು. ಪ್ರತಿ ಬೆಳಿಗ್ಗೆ ನನ್ನ ಕೈಯಾರೆ ಮಾತ್ರೆ ಕೊಟ್ಟಿದ್ದೇನೆ. ಯಾವುದರಿಂದ ಎಷ್ಟು ಗುಣವಾಯಿತೆಂಬುದು ನನ್ನ ಕಣ್ಣಿಗೆ ಬಿದ್ದಿಲ್ಲ. ಆಗ ಹೆಂಗಸರ ಕಡೆಯಿಂದ ಚಿಕ್ಕಮಾದಮ್ಮ ಎಂಬ ಮುದುಕಿ ಎದ್ದಳು.

"ಅಂಗಾರೆ ನಾನು ಸುಗರ್ ಮಾತ್ರೆ ನುಂಗ್ಬೌದಾ ಯಜಮಾನ್ರೇ? ನಂಬ್ಕೆ ಕಮ್ಮಿ ಆಯ್ತದೆ ಅಂತ ಎರಡು ತಿಂಗ್ಳಿಂದ ಬುಟ್ಟಿವ್ನಿ. ಕಾಲೆಲ್ಲ ಉರೀತದೆ."

ಯಾರೋ ಕಿಸಕ್ಕನೆ ನಕ್ಕರು. ಪಾಸ್ಟರ್ ಮುಖ ಕೆಂಪಾಯಿತು.

"ನುಂಗಮ್ಮ," ಎಂದರು ಮಿತ್ರಪ್ಪನವರು. "ಪ್ರಾರ್ಥನೆ ಮಾಡ್ಕೊಂಡೇ ನುಂಗು."

ನಿಶ್ಚಿತಾರ್ಥ ಆ ದಿನ ನಡೆಯಲಿಲ್ಲ. ಊಟ ಮಾತ್ರ ಎಲ್ಲರಿಗೂ ಬಡಿಸಿದರು. ಮಿತ್ರಪ್ಪನವರು ಸಭೆಯ ಮುಂದೆ ತಪ್ಪೊಪ್ಪಿಕೊಂಡು, ಹೊಳೆಯಲ್ಲಿ ಮುಳುಗಿ ಹೊಸದಾಗಿ ದೀಕ್ಷಾಸ್ನಾನ ತೆಗೆದುಕೊಂಡರೆ ಮುಂದಿನ ಮಾತು ಎಂದು ವಾರದ ನಂತರ ಪಾಸ್ಟರ್ ಹೇಳಿಕಳಿಸಿದ. ಪ್ರಸಾದ್ ಅಣ್ಣನ ಮಾತು ಮೀರಲಾರೆ ಎಂದು ಶಾಲಿನಿಗೆ ಫೋನಿನಲ್ಲಿ ಹೇಳಿದ. ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಸುಗುಣಮ್ಮ ಅಡುಗೆ ಮಾಡಿ ಮುಚ್ಚಿಟ್ಟು ಪ್ರಾರ್ಥನಾ ಮನೆಗೆ ಹೋಗುತ್ತಿದ್ದರು.

ರವಿಚಂದ್ರ ಇದೇ ಸಮಯವೆಂದು ಬಂದು ಕುಳಿತ. "ಇನ್ನಾದ್ರೂ ಒಪ್ಕೊಳ್ಳಿ ಮಿತ್ರಪ್ನೋರೇ. ಎಲ್ಲಾ ಸುಳ್ಳು ಅಂತ."

"ಬರಹಗಾರ ಸುಳ್ಳು ಪತ್ರ ಬರೆದ ಅಂದ್ರೆ ಜಮೀನೇ ಇಲ್ಲ ಅಂತ ಆಗುತ್ತಾ ಮೇಷ್ಟ್ರೇ?"

"ಜಮೀನು ಕಣ್ಣಿಗೆ ಕಾಣುತ್ತೆ."

"ಹೌದು. ಅಲ್ಲಿ ನಿಮ್ಮ ಮಾತು ಸರಿ," ಎಂದರು ಅವರು. ಆಮೇಲೆ, "ಮಗಳು ನರಳ್ತಿದ್ದಾಗ ಎಷ್ಟೋ ದಿನ ನನಗೂ ಯಾರೂ ಇಲ್ಲ ಅನ್ಸಿದೆ. ಅನ್ಸಿದ್ದು ನಿಜ. ಆದ್ರೂ ಮಾರನೇ ಬೆಳಿಗ್ಗೆ ಮಂಡಿ ಊರ್ತಿದ್ದೆ. ಅದೂ ನಿಜ," ಎಂದರು.

ತಿಂಗಳೊಪ್ಪತ್ತಿನಲ್ಲಿ ಬಳಗದ ಪತ್ರಿಕೆ ಅಚ್ಚಾಗಿ ಬಂತು. 'ಒಬ್ಬ ತಂದೆಯ ಪ್ರಾಮಾಣಿಕ ಸಾಕ್ಷ್ಯ' ಎಂಬ ಶೀರ್ಷಿಕೆಯಲ್ಲಿ ಆ ಹಾಳೆ ಎರಡನೆಯ ಪುಟದಲ್ಲಿತ್ತು. ರವಿಚಂದ್ರ ಹೆಮ್ಮೆಯಿಂದ ಒಂದು ಪ್ರತಿ ತಂದು ಮೇಜಿನ ಮೇಲಿಟ್ಟ. ಪಕ್ಕದ ಮಳಿಗೆಯಲ್ಲಿ ಶಾಲಿನಿ ಯಾವುದೋ ದಾನಪತ್ರ ಟೈಪು ಮಾಡುತ್ತಿದ್ದಳು. ಮಿತ್ರಪ್ಪನವರು ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲೊಂದು ಸಾಲು ಇತ್ತಲ್ಲ ಮೇಷ್ಟ್ರೇ. ಕೇಳುವವನು ಇದ್ದಾನೆಂದು ನಂಬಿ."

"ಅದು... ಜಾಗ ಸಾಲಲಿಲ್ಲ."

"ಅವರಿಗೆ ಟೈಮ್ ಇರಲಿಲ್ಲ. ನಿಮಗೆ ಜಾಗ ಇರಲಿಲ್ಲ."

ಬೈದಿದ್ದರೆ ರವಿಚಂದ್ರ ತಿರುಗಿ ಏನಾದರೂ ಹೇಳುತ್ತಿದ್ದ. ಅವರು ಪತ್ರಿಕೆಯನ್ನು ಮಡಿಸಿ ಇಟ್ಟರು, ಅಷ್ಟೇ. ಕೀಲಿಮಣೆಯ ಸದ್ದು ನಿಂತಿತ್ತು. ಶಾಲಿನಿ ಎದ್ದು ಬಂದಳು.

"ಮಾತ್ರೆ ನುಂಗಿದ್ದು ಯಾರು ಸರ್?" ಎಂದಳು ರವಿಚಂದ್ರನಿಗೆ. ಉತ್ತರಕ್ಕೆ ಕಾಯದೆ ಅಪ್ಪನ ಕಡೆ ತಿರುಗಿದಳು. ಐದು ವಾರದ ಮೇಲೆ ಆಡಿದ ಮೊದಲ ಮಾತು. "ನುಂಗಿ ವಾಂತಿ ಮಾಡ್ಕೊಂಡಿದ್ದು ನಾನು, ನೋವು ತಿಂದಿದ್ದು ನಾನು. ಪಾಸ್ಟರು ನಿಮ್ಮನ್ನ ಕೇಳಿದ್ರು, ನೀವು ಬರೆದ್ರಿ, ಇವರು ಅಚ್ಚು ಹಾಕಿದ್ರು. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ? ಕೇಳ್ದೇ ಇರೋಳ ಹೆಸರಲ್ಲಿ ಬರೀಬಾರದು ಅಂತ ಊರಿಗೆಲ್ಲ ಹೇಳೋರು ನೀವೇ ಅಲ್ವಾ ಅಪ್ಪ?"

ಮಿತ್ರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ತಪ್ಪಾಯ್ತು ಕಣಮ್ಮ," ಎಂದರು. "ಈಗ ಕೇಳ್ತೀನಿ. ಹೇಳು."

"ಈಗ ಬೇಡ. ಹೇಳೋ ಕಡೆ ಹೇಳ್ತೀನಿ."

ಮುಂದಿನ ಭಾನುವಾರ ಅವಳು ತಾಯಿಯ ಜೊತೆ ನಂಜನಗೂಡಿಗೆ ಹೋಗಿ, ಸಾಕ್ಷಿಯ ಸಮಯದಲ್ಲಿ ಎದ್ದು ನಿಂತು ಮಾತಾಡಿದಳು ಎಂದು ರವಿಚಂದ್ರನಿಗೆ ಆಮೇಲೆ ಸುಗುಣಮ್ಮನಿಂದ ತಿಳಿಯಿತು. ಮಾತ್ರೆ ನುಂಗಿದೆ, ಕೆಲವು ದಿನ ಪ್ರಾರ್ಥಿಸಿದೆ, ಬಹಳ ದಿನ ಆಗಲಿಲ್ಲ, ಆಗದ ದಿನ ಅಮ್ಮನೂ ಪಾಸ್ಟರೂ ನನ್ನ ಪಾಲಿಂದೂ ಮಾಡಿದರು, ಅದರಿಂದ ಧೈರ್ಯ ಬಂತು, ನಮ್ಮಪ್ಪ ಸುಳ್ಳು ಹೇಳಲಿಲ್ಲ. ಇಷ್ಟೇ ಹೇಳಿದ್ದು. ಯಾರೂ ಸ್ತೋತ್ರ ಅನ್ನಲಿಲ್ಲ. ನಿಂಗರಾಜು, "ಕೇಳಿದ್ವಿ ತಂಗಿ," ಎಂದು ಹೇಳಿ ಮುಂದಿನ ಹಾಡು ಶುರುಮಾಡಿಸಿದ. ಪ್ರಸಾದ್ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಹೊರಗೆ ಬಂದಾಗ ಅವನು ಇನ್ನೊಂದು ವರ್ಷ ಕಾಯೋಣ ಎಂದ. ಶಾಲಿನಿ ಆಗುವುದಿಲ್ಲ ಎಂದಳು.

ಮರುವರ್ಷ ಪ್ರಸಾದನ ಮದುವೆ ಕೊಳ್ಳೇಗಾಲದ ಕಡೆಯ ಹುಡುಗಿಯ ಜೊತೆ ಆಯಿತು. ಮಿತ್ರಪ್ಪನವರ ಮನೆಗೂ ಕಾರ್ಡು ಬಂತು. ಸುಗುಣಮ್ಮ ಹೋಗಿ ಬಂದರು. ರವಿಚಂದ್ರ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ, ಬಿಟ್ಟಿದ್ದ ಸಾಲನ್ನು ತಿದ್ದುಪಡಿಯೆಂದು ಅಚ್ಚು ಹಾಕಿಸಿದ. ಬಳಗದ ಇಬ್ಬರು ಅದಕ್ಕಾಗಿ ಅವನ ಜೊತೆ ಜಗಳವಾಡಿ ಬಿಟ್ಟುಹೋದರು. ಅವನು ಈಗಲೂ ದೇವರನ್ನು ನಂಬುವುದಿಲ್ಲ.

ಮಿತ್ರಪ್ಪನವರಿಗೆ ಈಗ ಅರವತ್ತೆಂಟು. ಕೈ ಸ್ವಲ್ಪ ನಡುಗುವುದರಿಂದ ಬರೆಯುವುದು ಕಡಿಮೆಯಾಗಿದೆ. ಪತ್ರಗಳನ್ನು ಶಾಲಿನಿ ಟೈಪು ಮಾಡುತ್ತಾಳೆ, ಅವರು ಬರೆಸುವವರಿಗೆ ಓದಿ ಹೇಳುತ್ತಾರೆ. ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ನಂಜನಗೂಡಿನ ಬಸ್ಸು ಹತ್ತಿಸಿ, ಮಿಷನ್ ಚರ್ಚಿಗೆ ನಡೆದು ಹೋಗುತ್ತಾರೆ. ಸಭಾಪಾಲಕರು ಬಾರದ ಭಾನುವಾರಗಳಲ್ಲಿ ಆ ದಿನದ ಬೈಬಲ್ ಪಾಠ ಓದುವವರು ಅವರೇ.